ಹುಟ್ಟಿನಿಂದಲೇ ಇದ್ದದ್ದು

ತೀರ್ಥಹಳ್ಳಿಯಲ್ಲಿ ನಾನು ಎಕ್ಸ್‌ರೇ ಯಂತ್ರ ಇಟ್ಟ ವರ್ಷ ನನಗೆ ಎರಡು ಕೊಂಬು ಬಂದಿದ್ದವು. ಅರವತ್ತರ ದಶಕದ ನಡುಭಾಗ ದಾಟಿತ್ತು. ಮಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಯಂತ್ರ, ಲಾರಿಯಲ್ಲಿ ಆಗುಂಬೆ ಘಾಟಿ ಹತ್ತಿ ಬಂದಿತ್ತು. ತಿರುವು ತಿರುವಿನಲ್ಲೂ ನಾನು ಲಾರಿಯ ಹಿಂಭಾಗದಲ್ಲಿ ಕೂತು, ಗೋಣಿತಾಟು ಸುತ್ತಿದ ಅದರ ಕಂಬವನ್ನು ತಬ್ಬಿಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ನನ್ನ ಎರಡು ಕೋಣೆಯ ದವಾಖಾನೆಗೆ ಅದು ಬಂದು ಸೇರಿದ ದಿನ ಪೇಟೆಯ ಅರ್ಧ ಜನ ನೋಡಲು ಬಂದರು. ಅವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ‘ಇನ್ನು ಮೇಲೆ ಹೃದಯ ಕಣ್ಣಿಗೇ ಕಾಣ್ತದೆ.’

ಅದು ಸುಳ್ಳೆಂದು ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ. ಕಾಣುತ್ತಿದ್ದುದು ಹೃದಯವಲ್ಲ, ಅದರ ನೆರಳು. ಕತ್ತಲೆ ಕೋಣೆಯಲ್ಲಿ ನೋಡಬೇಕಾದ್ದರಿಂದ ನಾನು ಇಪ್ಪತ್ತು ನಿಮಿಷ ಮೊದಲೇ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಕೂರುತ್ತಿದ್ದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು. ಆಮೇಲೆ ರೋಗಿಯನ್ನು ಪರದೆಯ ಹಿಂದೆ ನಿಲ್ಲಿಸಿ ಯಂತ್ರ ಚಾಲೂ ಮಾಡಿದರೆ, ಹಸಿರು ಬೆಳಕಿನ ನಡುವೆ ಕಪ್ಪಗೆ ಒಂದು ಮುದ್ದೆ ಮಿಡಿಯುತ್ತಿತ್ತು. ದೊಡ್ಡದಾಗಿದೆಯೇ, ಸಣ್ಣದಾಗಿದೆಯೇ, ಸಮವಾಗಿ ಮಿಡಿಯುತ್ತಿದೆಯೇ ಅಷ್ಟು ತಿಳಿಯುತ್ತಿತ್ತು. ಆದರೆ ಆ ಕೆಂಪು ಕನ್ನಡಕ ಹಾಕಿಕೊಂಡು ಹೊರಗಿನ ಬೆಂಚಿನ ಮುಂದೆ ಒಮ್ಮೆ ಓಡಾಡಿ ಬರುವುದು ನನಗೆ ಬಹಳ ಇಷ್ಟವಾಗಿತ್ತು. ಜನ ಎದ್ದು ನಿಲ್ಲುತ್ತಿದ್ದರು. ಎದ್ದು ನಿಲ್ಲದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಬೆಳಿಗ್ಗೆ ನನ್ನ ದೊಡ್ಡಪ್ಪ ಜೀಪಿನಲ್ಲಿ ಬಂದರು. ಹೊಸನಗರದ ಕಡೆ ಅವರ ಮನೆ. ಅಪ್ಪನ ಅಣ್ಣ, ನಮ್ಮ ಮನೆತನದ ಹಿರಿಯ. ನನ್ನನ್ನು ಓದಿಸಿದವರೂ ಅವರೇ. ಅವರ ಜೊತೆ ಶಿಕಾರಿಯ ಗೆಳೆಯರು ಮೂರ್ನಾಲ್ಕು ಜನ, ಜೀಪಿನ ಹಿಂದೆ ಮುದುರಿ ಕೂತ ಒಬ್ಬ ಹುಡುಗ. ಹತ್ತೊಂಬತ್ತು ವರ್ಷದವನು. ದೊಡ್ಡಪ್ಪನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಮನೆಯವನು. ಅವನ ಅಪ್ಪ ತೀರಿಕೊಂಡಿದ್ದರು, ಅವ್ವ ಒಬ್ಬಳೇ. ಗದ್ದೆ ಮಾಡಿದವರು ಒಡೆಯರ ಮನೆಯ ಹೊರೆ ಹೊರುವುದು, ಶಿಕಾರಿಗೆ ಕರೆದಾಗ ಬರುವುದು ಆಗಿನ ಕಾಲಕ್ಕೆ ಯಾರೂ ಪ್ರಶ್ನೆ ಮಾಡದ ಪದ್ಧತಿ. ನಾಯಿಗಳ ಜೊತೆ ಪೊದೆ ಬಡಿಯುತ್ತ, ಕೂಗುತ್ತ, ಹಂದಿಯನ್ನು ಎಬ್ಬಿಸಿ ಕೋವಿಯವರ ಕಡೆಗೆ ಓಡಿಸುವುದಕ್ಕೆ ನಮ್ಮಲ್ಲಿ ಹಳು ನುಗ್ಗುವುದು ಎನ್ನುತ್ತಾರೆ. ಅವನು ಹಳು ನುಗ್ಗುವವನು.

‘ನಿನ್ನೆ ಹಂದಿ ಇವನ ಕಡೀಗೇ ಬಂತು ಕಣೋ,’ ಎಂದರು ದೊಡ್ಡಪ್ಪ, ನನ್ನ ಕುರ್ಚಿಯಲ್ಲಿ ಕೂತು. ‘ಗುಡ್ಡ ಹತ್ತಿ ಓಡ್ತಿದ್ದ. ಹಂದಿ ಕಂಡಿದ್ದೇ ತಡ, ದೊಪ್ಪಂತ ಬಿದ್ದ. ಹಂದಿ ಇವನನ್ನ ದಾಟ್ಕೊಂಡು ಹೋತು. ನಾವು ಬೆಳಗಿಂದ ಕಾದು ಕೂತಿದ್ದೆಲ್ಲ ದಂಡ. ಇವ ಹೆದರಿ ಬಿದ್ನೋ, ಮೈಯಾಗೇನಾದ್ರೂ ಇದ್ಯೋ, ನಿನ್ನ ಮಿಷನ್ನಾಗೆ ನೋಡಿ ಹೇಳು ಮಾರಾಯ. ಇವ್ರೆಲ್ಲ ಜಗಳ ಆಡ್ತಾವ್ರೆ.’

ಗೆಳೆಯರು ನಕ್ಕರು. ಹುಡುಗ ಬಾಗಿಲ ಹೊರಗೆ ನಿಂತಿದ್ದ. ಒಡೆಯರು ಕೂತಿರುವ ಕೋಣೆಗೆ ಅವನು ಬರುವ ಹಾಗಿರಲಿಲ್ಲ, ಕೂರುವ ಮಾತಂತೂ ಇಲ್ಲವೇ ಇಲ್ಲ. ನಾನೂ ಒಳಗೆ ಬಾ ಎನ್ನಲಿಲ್ಲ. ನನ್ನ ಪ್ರಶ್ನೆಗಳನ್ನೆಲ್ಲ ದೊಡ್ಡಪ್ಪನಿಗೇ ಕೇಳಿದೆ. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ? ಬಾಯಲ್ಲಿ ನೊರೆ ಬಂತಾ? ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದೆಯಾ? ಎಲ್ಲಕ್ಕೂ ದೊಡ್ಡಪ್ಪ ಉತ್ತರ ಕೊಟ್ಟರು, ತಮ್ಮ ಎತ್ತಿನ ವಿಷಯ ಹೇಳುವವರ ಹಾಗೆ. ಕೊನೆಗೆ ಹೆಸರಿಗೆ ಒಂದು ಪ್ರಶ್ನೆ ಹುಡುಗನ ಕಡೆ ಎಸೆದೆ.

‘ಓಡುವಾಗ ಎಂತಾರೂ ಆಗ್ತದೇನೋ? ಎದೆ ನೋವು ಗೀವು?’

ಅವನು ನನ್ನ ಮುಖ ನೋಡಲಿಲ್ಲ, ದೊಡ್ಡಪ್ಪನ ಮುಖ ನೋಡಿದ. ಓಡಿದರೆ ನೋವು ಬರುತ್ತದೆ ಎಂದರೆ ಕೆಲಸಕ್ಕೆ ಆಗುವುದಿಲ್ಲ ಎಂದ ಹಾಗೆ. ಕೆಲಸಕ್ಕೆ ಆಗದವನ ಕೈಯಲ್ಲಿ ಗದ್ದೆ ಯಾಕೆ ಎಂದು ಒಡೆಯರು ಕೇಳಿದರೆ ಅವನ ಹತ್ತಿರ ಏನಿತ್ತು ಹೇಳಲು? ಇಷ್ಟನ್ನು ಅರ್ಥ ಮಾಡಿಕೊಳ್ಳಲು ಡಾಕ್ಟರಾಗಬೇಕಿಲ್ಲ, ನಮ್ಮ ಕಡೆ ಹುಟ್ಟಿದ್ದರೆ ಸಾಕು. ನಾನು ಅಲ್ಲೇ ಹುಟ್ಟಿದವನು.

‘ಎಂತ ಇಲ್ಲ ಡಾಕ್ಟ್ರಯ್ಯ,’ ಎಂದ.

ಕತ್ತಲೆ ಕೋಣೆಯಲ್ಲಿ ಪರದೆಯ ಹಿಂದೆ ನಿಲ್ಲಿಸಿ ನೋಡಿದೆ. ನೆರಳು ಚೆನ್ನಾಗಿತ್ತು. ಹೊಸದಾಗಿ ತರಿಸಿದ್ದ ಇಸಿಜಿ ಪೆಟ್ಟಿಗೆಯ ತಂತಿಗಳನ್ನು ಕಟ್ಟಿ ಮಲಗಿಸಿ ಪಟ್ಟಿ ತೆಗೆದೆ. ಅದೂ ಸರಿಯಾಗಿತ್ತು. ಸರಿಯಾಗಿರದೆ ಏನು? ಬೆಳಗಿನಿಂದ ಜೀಪಿನಲ್ಲಿ ಕೂತು, ಆಮೇಲೆ ಗೋಡೆಗೆ ಒರಗಿ ನಿಂತು, ಆಮೇಲೆ ಮಂಚದ ಮೇಲೆ ಮಲಗಿದವನ ಹೃದಯ ಅದು. ಅವನು ಬಿದ್ದದ್ದು ಗುಡ್ಡ ಹತ್ತಿ ಓಡುವಾಗ. ನಾನು ನೋಡಿದ್ದು ಮಲಗಿದ್ದಾಗ.

ಕೆಂಪು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಹೊರಗೆ ಬಂದು ತೀರ್ಪು ಕೊಟ್ಟೆ: ‘ಕೋಣದ ಹೃದಯ ದೊಡ್ಡಪ್ಪ. ಗಟ್ಟಿಯಾಗಿದೆ. ಪುಕ್ಲ ಅಷ್ಟೆ, ಹಂದಿ ಕಂಡು ಹೆದರಿದಾನೆ.’

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. ಹುಡುಗನೂ ನಕ್ಕ, ಒಡೆಯರು ನಗುವಾಗ ನಗದಿದ್ದರೆ ಅದು ಬೇರೆಯೇ ಅರ್ಥ ಕೊಡುತ್ತಿತ್ತು. ಆ ನಗುವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಅವರು ಹೋದ ಮೇಲೆ ಮಧ್ಯಾಹ್ನ ಅವನ ಅವ್ವ ಬಂದಳು. ರಿಪ್ಪನ್‌ಪೇಟೆಯವರೆಗೆ ನಡೆದು, ಬಸ್ಸು ಹಿಡಿದು, ಮಗನನ್ನು ಹುಡುಕಿಕೊಂಡು ಬಂದಿದ್ದಳು. ಮೆಟ್ಟಿಲ ಕೆಳಗೇ ನಿಂತು, ‘ಗುಡ್ಡ ಹತ್ತುವಾಗೆಲ್ಲ ಎದೆ ಹಿಡ್ಕೊಂಡು ಕೂರ್ತಾನೆ ಅಯ್ಯಾ. ಸಣ್ಣೋನಿದ್ದಾಗಿಂದ ಹಂಗೇಯ. ಕೂತ್ರೆ ಹೋಗ್ತದೆ. ಒಡೇರ ಮುಂದೆ ಹೇಳೂದಿಲ್ಲ ಅವ,’ ಎಂದಳು.

ಒಂದು ರೋಗದ ಪೂರ್ತಿ ವಿವರ ಅದರಲ್ಲಿತ್ತು. ದೊಡ್ಡ ಪುಸ್ತಕಗಳಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿಲ್ಲ. ನನಗೆ ಊಟದ ಹೊತ್ತು. ನನ್ನ ತಾಯಿಗಿಂತ ದೊಡ್ಡವಳನ್ನು ಏಕವಚನದಲ್ಲಿ ಗದರಿದೆ: ‘ಮಿಷನ್ನು ನೋಡಿದೆ. ನಿಂಗೆ ಮಿಷನ್ನಿಗಿಂತ ಜಾಸ್ತಿ ಗೊತ್ತಾ? ಹೋಗು, ಮಗನಿಗೆ ಧೈರ್ಯ ಹೇಳು.’

ಅವಳು ಕೈಮುಗಿದು ಹೋದಳು. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಎರಡು ವರ್ಷ ಕಳೆಯಿತು. ಅವನಿಗೆ ಊರಿನಲ್ಲಿ ಪುಕ್ಕಲ ಎಂದೇ ಹೆಸರು ನಿಂತಿತು ಎಂದು ದೊಡ್ಡಪ್ಪನ ಮನೆಗೆ ಹೋದಾಗ ಕೇಳಿದ್ದೆ. ಸಣ್ಣ ಮಕ್ಕಳೂ ಅವನ ಹಿಂದೆ ಹಂದಿಯ ಹಾಗೆ ಗುರುಗುಟ್ಟುತ್ತಿದ್ದರಂತೆ. ಸಾಗರದ ಕಡೆಯ ಒಂದು ಹೆಣ್ಣಿನ ಮನೆಯವರು ಒಪ್ಪಿ, ಈ ಕತೆ ಕೇಳಿ ಹಿಂದೆ ಸರಿದರಂತೆ. ನಾನು ಆಡಿದ ಮಾತು ಇಷ್ಟು ದೂರ ಹೋಯಿತೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಖುಷಿಯೇ ಆಗಿತ್ತು.

ದಶಕ ಮುಗಿಯುವ ಹೊತ್ತಿಗೆ ನಾನು ದವಾಖಾನೆಯನ್ನು ಒಬ್ಬ ಗೆಳೆಯನಿಗೆ ಒಪ್ಪಿಸಿ ಹೆಚ್ಚಿನ ತರಬೇತಿಗೆ ಹೋದೆ. ಬೇರೆ ಭಾಷೆಯ ಸೀಮೆ, ದೊಡ್ಡ ಆಸ್ಪತ್ರೆ. ಅಲ್ಲಿ ನೆರಳು ನೋಡುವ ಕಾಲ ಮುಗಿಯುತ್ತಿತ್ತು. ಮೊಣಕೈ ಒಳಗೆ ಸಣ್ಣಗೆ ಕೊಯ್ದು, ಉದ್ದನೆಯ ತೆಳು ನಳಿಕೆಯನ್ನು ರಕ್ತನಾಳದಲ್ಲಿ ಹೃದಯದ ಬಾಗಿಲವರೆಗೆ ಕಳಿಸಿ, ಅಲ್ಲಿ ಔಷಧದ ಬಣ್ಣ ಬಿಟ್ಟು, ಅದು ಹರಿಯುವುದನ್ನು ಎಕ್ಸ್‌ರೇಯಲ್ಲಿ ಸಿನಿಮಾ ರೀಲಿನ ಹಾಗೆ ಹಿಡಿಯುತ್ತಿದ್ದರು. ನಮ್ಮ ವಿಭಾಗದ ಮುಖ್ಯಸ್ಥೆ ಕುಳ್ಳಗಿನ, ನಗದ ಹೆಂಗಸು. ಒಂದು ದಿನ ಓಡುವ ಸ್ಪರ್ಧೆಯಲ್ಲಿ ಬಿದ್ದ ಕಾಲೇಜು ಹುಡುಗಿಯೊಬ್ಬಳ ರೀಲನ್ನು ಗೋಡೆಯ ಮೇಲೆ ಬಿಟ್ಟರು.

ಹೃದಯ ಮೈಗೆಲ್ಲ ರಕ್ತ ಹಂಚುತ್ತದೆ. ತನ್ನ ಪಾಲನ್ನು ಮಾತ್ರ ಎರಡು ಸಣ್ಣ ನಾಳಗಳಿಂದ ಪಡೆಯುತ್ತದೆ, ಎಡಕ್ಕೊಂದು, ಬಲಕ್ಕೊಂದು. ಕೆಲವರಲ್ಲಿ ಎಡಗಡೆಯ ನಾಳ ಹುಟ್ಟುವಾಗಲೇ ಬಲಗಡೆಯಿಂದ ಹೊರಟು, ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳ ಸಂದಿಯಲ್ಲಿ ನುಸುಳಿಕೊಂಡು ತನ್ನ ಜಾಗ ಸೇರುತ್ತದೆ. ಸುಮ್ಮನೆ ಕೂತಿದ್ದರೆ ಯಾವ ತೊಂದರೆಯೂ ಇಲ್ಲ. ಓಡಿದಾಗ, ಗುಡ್ಡ ಹತ್ತಿದಾಗ, ದೊಡ್ಡ ನಾಳಗಳು ಉಬ್ಬಿ ನಡುವಿನ ಬಡಪಾಯಿಯನ್ನು ಹಿಚುಕುತ್ತವೆ. ಹೃದಯ ರಕ್ತ ಕೇಳುವ ಹೊತ್ತಿಗೇ ಅದಕ್ಕೆ ರಕ್ತ ಸಿಗುವುದಿಲ್ಲ. ಎದೆ ನೋಯುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಮನುಷ್ಯ ಬೀಳುತ್ತಾನೆ. ಕೆಲವರು ಏಳುವುದಿಲ್ಲ.

‘ಎಳೆಯರು ಬಿದ್ದರೆ, ಬೀಳುವ ಮುಂಚೆ ಏನು ಮಾಡುತ್ತಿದ್ದರೆಂದು ಮೊದಲು ಅವರನ್ನೇ ಕೇಳಿ,’ ಎಂದರು ಮುಖ್ಯಸ್ಥೆ. ‘ಯಂತ್ರ ಆಮೇಲೆ.’

ರೀಲು ಇನ್ನೂ ಓಡುತ್ತಿತ್ತು. ಮೆಟ್ಟಿಲ ಕೆಳಗೆ ನಿಂತ ಹೆಂಗಸಿನ ಮಾತು ಒಂದೂ ಬಿಡದೆ ನೆನಪಾಯಿತು. ಪಕ್ಕದವನು ಯಾಕೆ ಬೆವರುತ್ತಿದ್ದೀಯ ಎಂದ. ಸೆಕೆ ಎಂದೆ.

ಅದೇ ದಿನ ತಂತಿ ಕೊಟ್ಟೆ ಎಂದು ಬರೆಯಲು ಕೈ ಬರುತ್ತದೆ. ಆದರೆ ಹಾಗೆ ಆಗಲಿಲ್ಲ. ಹನ್ನೊಂದು ದಿನ ಸುಮ್ಮನಿದ್ದೆ. ಅವನದು ಇದೇ ಇರಲಿಕ್ಕಿಲ್ಲ, ಇದು ಅಪರೂಪದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಹನ್ನೊಂದು ದಿನವೂ ಅವನು ಗುಡ್ಡದಿಂದ ಸೊಪ್ಪಿನ ಹೊರೆ ಹೊರುತ್ತಿದ್ದ. ಕೊನೆಗೆ ದೊಡ್ಡಪ್ಪನಿಗೆ ಕಾಗದ ಬರೆದೆ, ತಪ್ಪಾಯಿತೆಂದಲ್ಲ. ಇಲ್ಲಿ ಹೊಸ ಬಗೆಯ ಪರೀಕ್ಷೆ ಇದೆ, ನಮ್ಮ ಕಡೆಯ ಒಬ್ಬ ರೋಗಿ ಬಂದರೆ ನನ್ನ ಓದಿಗೆ ಅನುಕೂಲ, ಆ ಹುಡುಗನನ್ನು ಕಳಿಸಿ ಎಂದು. ಅವರ ಉತ್ತರ ಬೇಗ ಬಂತು. ‘ಹೋದ ವಾರ ಸೊಪ್ಪಿನ ಹೊರೆ ಸಮೇತ ಮತ್ತೆ ಬಿದ್ದ. ಈ ಸಲ ಹಂದಿಯೂ ಇರಲಿಲ್ಲ! ಕರೆದುಕೊಂಡು ಏನು ಬೇಕಾದರೂ ಮಾಡು.’

ಅವ್ವ, ಮಗ ಇಬ್ಬರೂ ಬಂದರು. ರೈಲು ನಿಲ್ದಾಣದಲ್ಲಿ ನನ್ನನ್ನು ಕಂಡು ಅವಳಿಗೆ ಆದ ಸಂತೋಷ ನೋಡಲು ನನ್ನಿಂದ ಆಗಲಿಲ್ಲ. ‘ನೆಪ್ಪಿಟ್ಕೊಂಡು ಕರ್ಸಿದ್ರಲ್ಲ ಅಯ್ಯಾ,’ ಎಂದು ಕಣ್ಣೀರು ಒರೆಸಿಕೊಂಡಳು.

ಅವರಿಗೆ ಅಲ್ಲಿನ ಭಾಷೆ ಬಾರದು, ಮುಖ್ಯಸ್ಥೆಗೆ ಕನ್ನಡ ಬಾರದು. ನಡುವೆ ನಾನು. ಪರೀಕ್ಷೆಯ ಮೇಜಿನ ಮೇಲೆ ಹುಡುಗನನ್ನು ಮಲಗಿಸಿ, ನಳಿಕೆ ಒಳಗೆ ಕಳಿಸಿ ಬಣ್ಣ ಬಿಟ್ಟಾಗ, ನಾನು ಅವನ ತಲೆಯ ಹತ್ತಿರ ನಿಂತಿದ್ದೆ. ರೀಲು ತೊಳೆದು ನೋಡುವುದೇನೂ ಬೇಕಾಗಲಿಲ್ಲ. ಎಡಗಡೆಯ ನಾಳ ಎಡಗಡೆ ಇರಲಿಲ್ಲ. ಬಲದಿಂದ ಹೊರಟು, ಸಂದಿಯಲ್ಲಿ ಬಾಗಿಕೊಂಡು ಹೋಗುತ್ತಿತ್ತು. ಬಣ್ಣ ಒಂದು ಕ್ಷಣ ಕಾಣಿಸಿ ಮಾಯವಾಯಿತು.

ಮುಖ್ಯಸ್ಥೆ ಕೈಗವಸು ಬಿಚ್ಚುತ್ತ ಇಂಗ್ಲಿಷಿನಲ್ಲಿ ಕೇಳಿದರು: ಇವನು ಮೊದಲು ಬಿದ್ದು ಎರಡು ವರ್ಷವಾಯಿತಲ್ಲ, ಆಗ ಯಾವ ಡಾಕ್ಟರಾದರೂ ನೋಡಿದ್ದರೇ? ಕೇಳು.

ನಾನು ಬಗ್ಗಿ ಕೇಳಿದೆ, ಅದೂ ಪರಕೀಯನ ಹಾಗೆ: ‘ಮುಂಚೆ ಯಾರಾದರೂ ಡಾಕ್ಟರು ನೋಡಿದ್ರಾ ಅಂತ ಕೇಳ್ತಿದಾರೆ.’

ಅವನು ಮಲಗಿದಲ್ಲಿಂದಲೇ ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: ‘ಇಲ್ಲ ಅಂತ ಹೇಳಿ ಅಯ್ಯಾ.’

ಇಲ್ಲ ಎಂದೆ. ಕೇಸ್ ಷೀಟಿನಲ್ಲೂ ಹಾಗೆಯೇ ಬರೆದೆ, ನನ್ನ ಕೈಯಕ್ಷರದಲ್ಲೇ. ಮುಖ್ಯಸ್ಥೆ ಮರುದಿನ ಎಲ್ಲರ ಮುಂದೆ, ದೂರದ ಹಳ್ಳಿಯ ಈ ರೋಗಿಯನ್ನು ಬರೀ ಕೇಳಿದ ಸುದ್ದಿಯಿಂದಲೇ ಗುರುತಿಸಿ ಕರೆಸಿದವನು ಎಂದು ನನ್ನನ್ನು ಹೊಗಳಿದರು. ಅವರು ಯಾರನ್ನೂ ಹೊಗಳುವವರಲ್ಲ. ನಾನು ತಲೆ ತಗ್ಗಿಸಿದೆ, ಅದನ್ನು ವಿನಯ ಎಂದುಕೊಂಡರು.

ಆ ಕಾಲಕ್ಕೆ ನಮ್ಮಲ್ಲಿ ಅದಕ್ಕೆ ಆಪರೇಷನ್ ಇರಲಿಲ್ಲ. ಓಡಬಾರದು, ಹೊರೆ ಹೊರಬಾರದು, ಏರು ಹತ್ತುವಾಗ ನಿಂತು ನಿಂತು ಹತ್ತಬೇಕು. ಇಷ್ಟು ಪಾಲಿಸಿದರೆ ಬದುಕು, ಇಲ್ಲದಿದ್ದರೆ ಯಾವ ಗುಡ್ಡದಲ್ಲಾದರೂ ಸಾವು. ಇದನ್ನೆಲ್ಲ ಅವ್ವ, ಮಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಹುಟ್ಟಿನಿಂದಲೇ ಇದ್ದದ್ದು, ಯಾರ ತಪ್ಪೂ ಅಲ್ಲ ಎಂದೂ ಹೇಳಿದೆ. ಅವನು ಸಾವಿನ ಬಗ್ಗೆ ಏನೂ ಕೇಳಲಿಲ್ಲ.

‘ಹಂಗಾರೆ ಅವತ್ತು ನಾ ಹೆದರಿ ಬಿದ್ದಿದ್ದಲ್ಲ, ಅಲ್ದಾ ಅಯ್ಯಾ?’

‘ಅಲ್ಲ.’

ಅವನ ಮುಖ ಅರಳಿದ್ದನ್ನು ಏನೆಂದು ಹೇಳಲಿ. ಎರಡು ವರ್ಷದಿಂದ ತಾನು ಪುಕ್ಕಲನೇ ಇರಬೇಕು ಎಂದು ಅವನೂ ನಂಬಿಬಿಟ್ಟಿದ್ದ. ಹಂದಿಯನ್ನು ನೋಡಿದ್ದೇ ನೆನಪಿಲ್ಲವಂತೆ. ಆದರೂ ಡಾಕ್ಟರು ಹೇಳಿದ ಮೇಲೆ ಹೆದರಿರಬೇಕು ಎಂದುಕೊಂಡಿದ್ದನಂತೆ. ‘ಊರಾಗೆ ಅದೊಂದು ಹೇಳ್ಬಿಡಿ ಅಯ್ಯಾ,’ ಎಂದ. ‘ಒಡೇರ ಹತ್ರ. ಅವ್ರು ಹೇಳಿದ್ರೆ ಎಲ್ರೂ ನಂಬ್ತಾರೆ. ಬೇರೆಂತದೂ ಬ್ಯಾಡ.’

‘ನಾನೇ ಬಂದು ಹೇಳ್ತೀನಿ,’ ಎಂದೆ. ಹೇಳಬೇಕೆಂದೇ ಇದ್ದೆ. ದಾರಿಯುದ್ದಕ್ಕೂ ರೈಲಿನಲ್ಲಿ, ಬಸ್ಸಿನಲ್ಲಿ, ಆ ಮಾತನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿ ನೋಡಿಕೊಂಡೆ.

ದೊಡ್ಡಪ್ಪನ ಜಗಲಿಯಲ್ಲಿ ಆ ಮಧ್ಯಾಹ್ನ ಶಿಕಾರಿಯ ಗೆಳೆಯರೂ ಇದ್ದರು. ನನಗೆ ಒಳಗಿನಿಂದ ಕಾಫಿ ಬಂತು. ಅವ್ವ, ಮಗ ಅಂಗಳದಲ್ಲಿ ನಿಂತರು. ನಾನು ಆಸ್ಪತ್ರೆಯ ಕಾಗದ ಓದಿ, ಎದೆಯ ನಾಳ ದಾರಿ ತಪ್ಪಿದೆ, ಭಾರದ ಕೆಲಸ ಕೂಡದು, ಮಾಡಿದರೆ ಜೀವಕ್ಕೆ ಅಪಾಯ ಎಂದು ವಿವರಿಸಿದೆ. ದೊಡ್ಡಪ್ಪ ಕೆಟ್ಟವರಲ್ಲ. ‘ಆತು. ಇನ್ನು ಹೊರೆ ಬ್ಯಾಡ, ಹಳೂ ಬ್ಯಾಡ. ಗದ್ದೆ ಅವ್ರ ಹತ್ರನೇ ಇರ್ಲಿ, ಆಳಿಟ್ಟು ಮಾಡ್ಸಲಿ,’ ಎಂದರು. ಅಂಗಳದಲ್ಲಿ ಅವಳು ಎರಡೂ ಕೈ ಎತ್ತಿ ಮುಗಿದಳು. ಹುಡುಗ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನು ಕಾಯುತ್ತಿದ್ದುದು ಅದಕ್ಕಲ್ಲ.

ಅಷ್ಟರಲ್ಲಿ ದೊಡ್ಡಪ್ಪನಿಗೆ ಏನೋ ಹೊಳೆಯಿತು. ‘ಅಲ್ವೋ, ಅವತ್ತು ನೀನೇ ಅಲ್ವಾ ನೋಡಿ ಕೋಣದ ಹೃದಯ ಅಂದಿದ್ದು? ನಿನ್ನ ಮಿಷನ್ನಿಗೆ ಕಾಣ್ಲಿಲ್ವಾ?’

ಗೆಳೆಯರು ನನ್ನ ಕಡೆ ತಿರುಗಿದರು. ಒಬ್ಬರು ಆಗಲೇ ನಗಲು ಬಾಯಿ ತೆರೆದಿದ್ದರು. ಇನ್ನೊಂದು ತಿಂಗಳಿಗೆ ನಾನು ತೀರ್ಥಹಳ್ಳಿಗೆ ಮರಳಿ ಹೊಸ ಬೋರ್ಡು ಹಾಕುವವನಿದ್ದೆ, ಹೃದಯ ತಜ್ಞ ಎಂದು.

‘ಅವತ್ತು ಇರ್ಲಿಲ್ಲ ದೊಡ್ಡಪ್ಪ,’ ಎಂದೆ. ‘ಇದು ಆಮೇಲೆ ಬಂದಿದ್ದು.’

‘ಹಂಗಾರೆ ಅವತ್ತು ಬಿದ್ದಿದ್ದು ಹೆದರಿಯೇ?’

‘ಹೌದು.’

ಎಷ್ಟು ಸಲೀಸಾಗಿ ಬಂತು ಆ ಮಾತು! ಆಸ್ಪತ್ರೆಯಲ್ಲಿ ಇಲ್ಲ ಎಂದು ಹೇಳಲು ಅವನೇ ಹೇಳಿಕೊಟ್ಟಿದ್ದ. ಇದನ್ನು ಯಾರೂ ಹೇಳಿಕೊಡಲಿಲ್ಲ.

‘ನಾ ಹೇಳಿಲ್ವಾ ಆಗ್ಲೇ, ಪುಕ್ಲ ಅಂತ!’ ದೊಡ್ಡಪ್ಪ ತೊಡೆ ತಟ್ಟಿಕೊಂಡರು. ಜಗಲಿಯೆಲ್ಲ ನಕ್ಕಿತು.

ಅಂಗಳದಿಂದ ಅವಳು, ‘ಹುಟ್ಟಿದಾಗಿಂದ ಇತ್ತು ಅಂತ ನೀವೇ ಅಲ್ಲಿ...’ ಎಂದು ಶುರು ಮಾಡಿದಳು. ಮಗ ಅವಳ ತೋಳು ಹಿಡಿದ.

‘ಸುಮ್ನಿರವ್ವ. ಡಾಕ್ಟ್ರಯ್ಯ ಹೇಳಿದ್ಮೇಲೆ ಆತು.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಈ ಸಲ ಅವನು ನಗಲಿಲ್ಲ, ಅಷ್ಟೆ. ಇಬ್ಬರೂ ದೊಡ್ಡಪ್ಪನಿಗೆ ಕೈಮುಗಿದರು, ನನಗೂ ಮುಗಿದರು, ಅಂಗಳ ದಾಟಿ ತಮ್ಮ ಮನೆಯ ಕಡೆಯ ಏರು ಹತ್ತತೊಡಗಿದರು. ಅವನು ನಾನು ಹೇಳಿಕೊಟ್ಟ ಹಾಗೆಯೇ ಹತ್ತಿದ. ಹತ್ತು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಅವ್ವ ಪಕ್ಕದಲ್ಲಿ ನಿಂತು ನಿಂತು ಕಾಯುತ್ತಿದ್ದಳು.

‘ನೋಡ್ರೋ,’ ಎಂದರು ಗೆಳೆಯರಲ್ಲೊಬ್ಬರು, ‘ಬರೀ ಗುಡ್ಡ ಕಂಡ್ರೂ ಹೆದರ್ತಾನೆ.’

ಮತ್ತೆ ನಕ್ಕರು. ನಾನೂ ನಕ್ಕೆ.